ಕಂಬಳಿ ಹೊದ್ದ ಬಿಯರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ನಾನು ಮಾಡಿದ ಅಡುಗೆಯ ರುಚಿಯನ್ನು ನಾನು ನೋಡುವುದಿಲ್ಲ. ಜಂಬ ಎಂದುಕೊಳ್ಳಬೇಡಿ. ಅಥವಾ ಸ್ವಲ್ಪ ಜಂಬ ಎಂದೇ ಇಟ್ಟುಕೊಳ್ಳಿ. ನಮ್ಮಮ್ಮ ಮೈಸೂರಿನಲ್ಲಿ ಮದುವೆಮನೆಗಳ ಅಡುಗೆ ಮಾಡುತ್ತಿದ್ದಳು. ದೇವರಿಗೆ ನೈವೇದ್ಯ ಆಗುವ ಮುಂಚೆ ಒಂದು ಹನಿ ಸಾರನ್ನೂ ನಾಲಗೆಗೆ ತಾಗಿಸುವಂತಿರಲಿಲ್ಲ. ಉಪ್ಪು ಸರಿಯಾಗಿದೆಯೋ ಇಲ್ಲವೋ ಮೂಗು ಹೇಳಬೇಕು, ಒಗ್ಗರಣೆ ಆಯಿತೋ ಇಲ್ಲವೋ ಕಿವಿ ಹೇಳಬೇಕು. ಎಸ್ಸೆಸ್ಸೆಲ್ಸಿ ಮುಗಿಸಿ ಅವಳ ಪಕ್ಕದಲ್ಲಿ ಒಲೆಯ ಮುಂದೆ ನಿಂತವನು ನಾನು, ಐವತ್ತೆಂಟು ತುಂಬಿದರೂ ಹಾಗೇ ನಿಂತಿದ್ದೇನೆ. ಒಲೆ ಮಾತ್ರ ಬದಲಾಗಿದೆ. ಈಗ ಅದು ನಾರ್ತ್ ಕೆರೊಲಿನಾದ ಕ್ಯಾರಿಯಲ್ಲಿ, ಒಂದು ಇಂಡಿಯನ್ ಅಂಗಡಿಯ ಹಿಂಭಾಗದಲ್ಲಿದೆ. ಮುಂದುಗಡೆ ಅಕ್ಕಿ, ಬೇಳೆ, ಊದುಬತ್ತಿ ಮಾರುತ್ತಾರೆ. ಹಿಂದುಗಡೆ ನಾನು ಬಿಸಿಬೇಳೆಬಾತು, ವಡೆ, ಶನಿವಾರವಾದರೆ ಮಸಾಲೆದೋಸೆ ಮಾಡುತ್ತೇನೆ. "ಮಂಜಣ್ಣ, ಇವತ್ತು ಸಾಂಬಾರ್ ಹೇಗಿದೆ?" ಎಂದು ಯಾರಾದರೂ ಕೇಳಿದರೆ, "ನಂಗೇನ್ ಗೊತ್ತು, ತಿಂದು ನೀವೇ ಹೇಳಿ" ಎನ್ನುತ್ತೇನೆ. ಹೊಸಬರು ಗಾಬರಿಯಾಗುತ್ತಾರೆ. ಹಳಬರು ಎರಡು ಡಬ್ಬಿ ಹೆಚ್ಚಿಗೆ ಕಟ್ಟಿಸಿಕೊಳ್ಳುತ್ತಾರೆ.

ಇಂಥ ನಾನು, ಹುಟ್ಟಿದಾಗಿನಿಂದ ಮದ್ಯದ ಹನಿ ಮುಟ್ಟದವನು, ಈ ವೈಶಾಖದಲ್ಲಿ ಅಣ್ಣನ ಮಗಳ ಮದುವೆಗೆ ನನ್ನ ಕೈಯಾರೆ ತೊಂಬತ್ತಾರು ಬಾಟಲಿ ಬಿಯರ್ ಮಾಡಿದೆ. ಅದನ್ನು ಹೇಳಿಕೊಳ್ಳುವುದಕ್ಕೇ ಬರೆಯಲು ಕೂತಿದ್ದೇನೆ. ಬೇರೆ ಏನೇನೋ ಹೇಳಿಬಿಟ್ಟರೆ ಅದು ನನ್ನ ಕೈಮೀರಿ ಬಂದದ್ದು.

ಬಿಯರ್ ನನ್ನ ಹುಚ್ಚಲ್ಲ, ಅಣ್ಣನದು. ಅಣ್ಣ ಓದಿದವನು. ರಿಸರ್ಚ್ ಟ್ರಯಾಂಗಲ್ ಪಾರ್ಕಿನಲ್ಲಿ ಔಷಧಿ ಮಾಡುವ ಒಂದು ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದ. ನನ್ನನ್ನು ಇಲ್ಲಿಗೆ ಕರೆಸಿಕೊಳ್ಳಲು ಅರ್ಜಿ ಹಾಕಿದವನೂ ಅವನೇ. ಆ ಅರ್ಜಿಗೆ ಉತ್ತರ ಬರುವ ಹೊತ್ತಿಗೆ ನನ್ನ ತಲೆಗೂದಲು ಅರ್ಧ ಹೋಗಿತ್ತು. ವಾರವೆಲ್ಲ ಆಫೀಸಿನಲ್ಲಿ ಮಾತ್ರೆಗಳ ತೂಕ ನೋಡುತ್ತಿದ್ದವನು ಶನಿವಾರ ಗರಾಜು ಸೇರಿಕೊಂಡು ಬಾರ್ಲಿ ಬೇಯಿಸುತ್ತಿದ್ದ. ಕಾರುಗಳು ಹೊರಗೆ ಬಿಸಿಲಲ್ಲಿ, ಬಕೆಟ್ಟುಗಳು ಒಳಗೆ ನೆರಳಲ್ಲಿ. ಶನಿವಾರ ನನಗೆ ದೋಸೆಯ ದಿನವಾದ್ದರಿಂದ ನಾನು ಒಮ್ಮೆಯೂ ನೋಡಲಿಲ್ಲ. ಹಬ್ಬದ ಸಂಜೆ ಅವನು ಬಾಟಲಿಗೆ ಕೈ ಹಾಕಿದರೆ ನಾನು ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ. ಅಮ್ಮನಿಗೆ ಮಾತು ಕೊಟ್ಟಿದ್ದೆ, ಅದರ ಹತ್ತಿರ ಸುಳಿಯುವುದಿಲ್ಲ ಎಂದು. ಅಣ್ಣನೂ ಕೊಟ್ಟಿದ್ದ, ಅವನ ಮಾತು ಅಟ್ಲಾಂಟಿಕ್ ದಾಟುವಾಗ ಎಲ್ಲೋ ಬಿದ್ದುಹೋಯಿತು. "ಮಂಜು, ಇದು ಲೈಟು ಕಣೋ," ಎಂದು ಅವನು ಹಿಂದಿನಿಂದ ಕೂಗುತ್ತಿದ್ದ. "ಕುಡಿದೋರಿಗೆ ಕುಡಿದ ಹಾಗೂ ಆಗಬಾರದು, ಕುಡೀದೆ ಇದ್ದ ಹಾಗೂ ಆಗಬಾರದು, ಹಾಗ್ ಮಾಡಿದೀನಿ." ನಾನು ಪಾತ್ರೆ ತೊಳೆಯುವ ಸದ್ದು ಜಾಸ್ತಿ ಮಾಡುತ್ತಿದ್ದೆ. ಕುಡಿಯದಿದ್ದರೇನು, ಹೋಗಿ ಪಕ್ಕದಲ್ಲಿ ಕೂರಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಹೋದ ಆಷಾಢದ ಒಂದು ಬೆಳಿಗ್ಗೆ ಆಫೀಸಿಗೆ ಹೋದ ಅಣ್ಣ ವಾಪಸು ಬರಲಿಲ್ಲ. ಎದೆಯ ತೊಂದರೆ ಎಂದರು. ಕಾರು ಪಾರ್ಕಿಂಗ್‌ನಲ್ಲಿ ಇನ್ನೂ ತಣ್ಣಗಾಗಿರಲಿಲ್ಲವಂತೆ. ನಾನು ನನ್ನ ಬಾಡಿಗೆ ಮನೆ ಬಿಟ್ಟು ಅತ್ತಿಗೆಗೆ ಜೊತೆಯಾಗಲೆಂದು ಅವರ ಗರಾಜಿನ ಮೇಲಿನ ಕೋಣೆಗೆ ಬಂದೆ. ಅಡುಗೆಮನೆಯಿಂದ ಗರಾಜಿಗೆ ಒಂದು ಬಾಗಿಲಿದೆ. ಆ ಬಾಗಿಲನ್ನು ಅತ್ತಿಗೆ ಅವತ್ತು ಚಿಲಕ ಹಾಕಿದವರು ಮತ್ತೆ ತೆಗೆಯಲಿಲ್ಲ. ಅದರ ಮುಂದೆ ಅಕ್ಕಿಯ ಡಬ್ಬ ತಂದಿಟ್ಟರು.

ಅಣ್ಣ ಒಂದು ಮಾತು ಬಾಕಿ ಇಟ್ಟು ಹೋಗಿದ್ದ. ಮಗಳು ಸಿಂಧುವಿಗೆ ಇಪ್ಪತ್ತೊಂದು ತುಂಬಿದ ದಿನ, "ನಿನ್ನ ಮದುವೆಗೆ ಬಿಯರ್ ನಂದೇ. ಆಂಟಿಯರೂ ಕುಡೀಬೇಕು, ಅಷ್ಟು ಲೈಟಾಗಿ ಮಾಡ್ತೀನಿ" ಎಂದು ಹೇಳಿದ್ದನಂತೆ. ಸಿಂಧು ಈಗ ವಾಷಿಂಗ್ಟನ್ ಕಡೆ ಕೆಲಸದಲ್ಲಿದ್ದಾಳೆ. ಅಲ್ಲಿಯ ಬೆನ್ ಎಂಬ ಹುಡುಗನ ಜೊತೆ ಮದುವೆ ನಿಶ್ಚಯವಾಗಿತ್ತು. ಮನೆಯಲ್ಲಿ ಸಾವಾದ ಮೇಲೆ ಹೆಣ್ಣುಮಗಳ ಮದುವೆಯನ್ನು ವರ್ಷದೊಳಗೆ ಮುಗಿಸಬೇಕು, ಇಲ್ಲದಿದ್ದರೆ ಕಾಯಬೇಕು ಎಂದು ಅತ್ತಿಗೆ ಹಟ ಹಿಡಿದು ವೈಶಾಖಕ್ಕೆ ಮುಹೂರ್ತ ಇಡಿಸಿದರು. ಬೆಳಿಗ್ಗೆ ದೇವಸ್ಥಾನದಲ್ಲಿ ಧಾರೆ, ಮಾರನೆಯ ಸಂಜೆ ಮನೆಯ ಹಿತ್ತಲಿನಲ್ಲಿ ಊಟ. ಜನವರಿಯಲ್ಲಿ ಸಿಂಧು ಫೋನ್ ಮಾಡಿದಳು.

"ಚಿಕ್ಕಪ್ಪ, ನಂಗೆ ಅಪ್ಪನ್ ಬಿಯರ್ ಬೇಕು. ಫಾರ್ ದ ಟೋಸ್ಟ್."

"ಅಂಗಡೀಲಿ ಬೇಕಾದಷ್ಟು ಸಿಗತ್ತಲ್ಲ ಪುಟ್ಟಿ."

"ನಾಟ್ ದ ಸೇಮ್. ನೀನು ಕುಕ್ ಅಲ್ವಾ? ಅಪ್ಪನ್ ನೋಟ್‌ಬುಕ್ ಇದೆ ಗರಾಜಲ್ಲಿ. ಅಪ್ಪನ್ ತರಾನೇ ಮಾಡು. ಪ್ಲೀಸ್?"

ಆರು ತಿಂಗಳಲ್ಲಿ ಅವಳು ಅಳದೆ 'ಅಪ್ಪ' ಎಂದದ್ದು ಅದೇ ಮೊದಲು. ಆಗಲ್ಲ ಎನ್ನಲು ಬಾಯಿ ಬರಲಿಲ್ಲ. ಅಮ್ಮನಿಗೆ ಕುಡಿಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಮಾಡುವುದಿಲ್ಲ ಎಂದು ಕೊಟ್ಟಿಲ್ಲ ಎಂದು ಮನಸ್ಸಿನಲ್ಲೇ ವಕೀಲಿ ಮಾಡಿಕೊಂಡೆ. ಅತ್ತಿಗೆಯ ಹತ್ತಿರ ಹೇಳಿದಾಗ ಅವರು ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ. "ಮಾಡು ಮಂಜು. ಆದ್ರೆ ಈ ಬಾಗಿಲಿಂದ ಬೇಡ, ಹೊರಗಡೆಯಿಂದ ಓಡಾಡು. ಆ ವಾಸನೆ ನನ್ನ ಅಡುಗೆಮನೆಗೆ ಬರಬಾರದು" ಎಂದರು.

ಗರಾಜಿನಲ್ಲಿ ಎಲ್ಲವೂ ಅವನು ಇಟ್ಟಂತೆಯೇ ಇತ್ತು. ಹಂಡೆಯಂಥ ಸ್ಟೀಲ್ ಪಾತ್ರೆ, ಮುಚ್ಚಳದ ಬಿಳಿ ಬಕೆಟ್ಟುಗಳು, ಬಾಟಲಿಗೆ ಬಿರಡೆ ಒತ್ತುವ ಉಪಕರಣ, ಬಕೆಟ್ಟಿನ ಮೇಲೆ ಮಡಿಸಿಟ್ಟ ಒಂದು ಕರಿ ಕಂಬಳಿ. ಅದು ಅಮ್ಮ ಕೊಟ್ಟು ಕಳಿಸಿದ ಕಂಬಳಿ. ಹುಳಿಹುಳಿ ವಾಸನೆ ಬರುತ್ತಿತ್ತು. ಕಾರಿನ ಕೆಳಗೆ ಮಲಗಿ ರಿಪೇರಿ ಮಾಡಲು ಹಾಸಿಕೊಳ್ಳುತ್ತಿದ್ದನೇನೋ ಎಂದುಕೊಂಡು, ಅಮ್ಮನ ಕಂಬಳಿಗೆ ಈ ಗತಿಯೇ ಎಂದು ಬೇಜಾರಾಗಿ ಒಗೆದು ಹಾಕಿದೆ. ನೋಟ್‌ಬುಕ್ಕಿನಲ್ಲಿ ಹನ್ನೊಂದು ಸಲ ಮಾಡಿದ ಬಿಯರಿನ ಲೆಕ್ಕವಿತ್ತು. ಎಷ್ಟು ಬಾರ್ಲಿ, ಎಷ್ಟು ನೀರು, ಎಷ್ಟು ಹೊತ್ತು, ಎಷ್ಟು ಡಿಗ್ರಿ, ಎಲ್ಲ ಮುತ್ತಿನಂಥ ಅಕ್ಷರದಲ್ಲಿ. ಪ್ರತಿಯೊಂದರ ಕೊನೆಯಲ್ಲೂ "ತುಂಬಾ ಚೆನ್ನಾಗಿದೆ" ಎಂದು ತನಗೆ ತಾನೇ ಬರೆದುಕೊಂಡಿದ್ದ. ಹನ್ನೊಂದಕ್ಕೆ ಹನ್ನೊಂದು. ಶಾಲೆಯಲ್ಲೂ ಅವನ ಮಾರ್ಕ್ಸ್ ಕಾರ್ಡು ಹಾಗೇ ಇರುತ್ತಿತ್ತು.

ನಿಜ ಹೇಳಬೇಕೆಂದರೆ ಬಿಯರ್ ಮಾಡುವುದು ನಮ್ಮ ಅಡುಗೆಯೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತರಿತರಿಯಾಗಿ ಒಡೆದು ಬಿಸಿನೀರಿನಲ್ಲಿ ನೆನೆಹಾಕಬೇಕು. ಲೈಟಾಗಬೇಕೆಂದು ಅಣ್ಣ ಅದಕ್ಕೆ ಸೋನಾ ಮಸೂರಿ ಅಕ್ಕಿಯ ಗಂಜಿ ಸೇರಿಸುತ್ತಿದ್ದ. ಗಂಜಿ ಎಂಬ ಪದ ನೋಡಿದ ಕೂಡಲೇ ನನಗೆ ಧೈರ್ಯ ಬಂತು. ಸಿಹಿ ಬಿಟ್ಟುಕೊಂಡ ನೀರನ್ನು ಸೋಸಿ, ಹಾಪ್ಸ್ ಎಂಬ ಕಹಿ ಹೂವು ಹಾಕಿ ಒಂದು ಗಂಟೆ ಕುದಿಸಬೇಕು. ಆರಿಸಿ ಬಕೆಟ್ಟಿಗೆ ಸುರಿದು ಯೀಸ್ಟ್ ಹಾಕಿದರೆ, ಆಮೇಲೆ ಅದರ ಪಾಡಿಗೆ ಅದು ಹುದುಗುತ್ತದೆ. ನೋಟ್‌ಬುಕ್ಕಿನಲ್ಲಿ ಹುದುಗುವಾಗ ಇಲ್ಲಿಯ ಲೆಕ್ಕದ ಅರವತ್ತೆಂಟು ಡಿಗ್ರಿ, ಅಂದರೆ ನಮ್ಮೂರಿನ ಇಪ್ಪತ್ತು, ಇರಬೇಕೆಂದು ಬರೆದಿತ್ತು. ಬಕೆಟ್ಟು ಮುಟ್ಟಿದೆ, ತಣ್ಣಗಿತ್ತು. ಅರವತ್ತೆಂಟು ಡಿಗ್ರಿಯಲ್ಲಿ ದೋಸೆಹಿಟ್ಟು ಉಬ್ಬಿದ್ದನ್ನು ನಾನಂತೂ ಕಂಡಿಲ್ಲ. ಇಂಜಿನಿಯರುಗಳು ಬರೆಯುವುದು ಬೇರೆ, ಮಾಡುವುದು ಬೇರೆ. ಚಳಿಗಾಲದಲ್ಲಿ ಅಮ್ಮ ಹಿಟ್ಟಿನ ಪಾತ್ರೆಗೆ ಏನು ಮಾಡುತ್ತಿದ್ದಳೋ ನಾನೂ ಅದನ್ನೇ ಮಾಡಿದೆ. ಒಗೆದ ಕಂಬಳಿಯನ್ನು ಬಕೆಟ್ಟಿಗೆ ಕಿವಿಯವರೆಗೆ ಹೊದಿಸಿ, ನೀರು ಕಾಯಿಸುವ ಹಂಡೆಯ ಪಕ್ಕ ಬೆಚ್ಚಗೆ ಕೂರಿಸಿದೆ. ಮಾರನೆಯ ಬೆಳಿಗ್ಗೆ ಮುಚ್ಚಳದ ಮೇಲಿನ ನಳಿಗೆಯಿಂದ ಗುಳುಗುಳು ಸದ್ದು ಬರುತ್ತಿತ್ತು. ಮೊಮ್ಮಗು ಮಾತಾಡಿದಷ್ಟು ಸಂತೋಷವಾಯಿತು ನನಗೆ. ಮೊಮ್ಮಗು ಇರಲಿ, ಮದುವೆಯೇ ಆಗದವನು ನಾನು. ಬಾಟಲಿಗೆ ತುಂಬುವಾಗ ಮೂಸಿ ನೋಡಿದೆ, ಘಮ್ಮೆಂದು ಬಾಳೆಹಣ್ಣಿನ ಪರಿಮಳ. ಪಂಚಾಮೃತದ ಹಾಗೆ. ಇನ್ನೇನು ಬೇಕು?

ರುಚಿ ನೋಡಲು ಒಬ್ಬರು ಬೇಕಿತ್ತು. ಪಾಟೀಲರಿದ್ದರು. ಧಾರವಾಡದವರು, ಅಟ್ಲಾಂಟಾ ಹತ್ತಿರದ ನಾರ್‌ಕ್ರಾಸ್‌ನಲ್ಲಿ ಹತ್ತು ವರ್ಷ ಇದ್ದು ಹೋದ ಚಳಿಗಾಲದಲ್ಲಷ್ಟೇ ಕ್ಯಾರಿಗೆ ಬಂದವರು. ಅಣ್ಣನನ್ನು ನೋಡಿದವರಲ್ಲ. ನನ್ನ ಶನಿವಾರದ ದೋಸೆಗೆ ಸರದಿಯಲ್ಲಿ ಮೊದಲು ನಿಲ್ಲುವವರು. ಅವರು ಗರಾಜಿಗೆ ಬಂದು, ಕುರ್ಚಿ ಎಳೆದುಕೊಂಡು, ಬಾಟಲಿ ತೆಗೆದು ಒಂದು ಗುಟುಕು ಕುಡಿದರು. ಆಮೇಲೆ ಗ್ಲಾಸಿನೊಳಗೆ ಇಣುಕಿ ನೋಡಿದರು.

"ಮಂಜಣ್ಣಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದು ಬಿಯರ್ ಅದನೋ, ಬಾಳಿಹಣ್ಣಿನ ಸೀಕರಣಿ ಅದನೋ?"

"ಯಾಕ್ರೀ, ಚೆನ್ನಾಗಿಲ್ವಾ?"

"ಚಪಾತಿ ಇದ್ದಿದ್ರ ಚಲೋ ಇರ್ತಿತ್ತು."

ನಲವತ್ತು ವರ್ಷದಲ್ಲಿ ನನ್ನ ಅಡುಗೆಗೆ ಯಾರೂ ಹೀಗೆ ಹೇಳಿರಲಿಲ್ಲ. ಒಂದು ಬಾಟಲಿ ತೆಗೆದುಕೊಂಡು ರಾಲಿಯಲ್ಲಿರುವ, ಬಿಯರ್ ಮಾಡುವ ಸಾಮಾನುಗಳ ಅಂಗಡಿಗೆ ಹೋದೆ. ಅಂಗಡಿಯಾಕೆಯ ಎರಡು ಕೈತುಂಬ ಬಳ್ಳಿಬಳ್ಳಿ ಹಚ್ಚೆ. ಆಕೆ ಮೂಸಿದ ಕೂಡಲೇ, ಇದನ್ನು ಎಷ್ಟು ಬೆಚ್ಚಗೆ ಇಟ್ಟಿದ್ದೆ ಎಂದು ಕೇಳಿದಳು. ಕಂಬಳಿ ಹೊದಿಸಿದ್ದೆ ಎಂದೆ. ಆಕೆ ಕೌಂಟರ್ ಹಿಡಿದುಕೊಂಡು ನಕ್ಕಳು. ಹಾಗೆ ಮಾಡಲು ಯಾರು ಹೇಳಿದರು ಎಂದು ಕೇಳಿದಳು. ನಮ್ಮಮ್ಮ ಎಂದೆ. ನಗು ನಿಲ್ಲಿಸಿ, ನಿಮ್ಮಮ್ಮ ಒಳ್ಳೆಯವರಿರಬೇಕು, ಆದರೆ ಯೀಸ್ಟಿಗೆ ಅಷ್ಟು ಪ್ರೀತಿ ಬೇಡ, ಬೆಚ್ಚಗಾದರೆ ಅದು ಹುಚ್ಚೆದ್ದು ಬಾಳೆಹಣ್ಣಿನ ವಾಸನೆ ಬಿಡುತ್ತದೆ ಎಂದು ವಿವರಿಸಿದಳು. ಕಪ್ಪು ಬಿಯರ್ ಆದರೆ ತಪ್ಪು ಮುಚ್ಚಿಹೋಗುತ್ತದೆ, ಲೈಟ್ ಬಿಯರಿನಲ್ಲಿ ಏನೂ ಮುಚ್ಚಿಡಲಾಗುವುದಿಲ್ಲವಂತೆ. ಆ ಮಾತು ನನಗೆ ತಕ್ಷಣ ಅರ್ಥವಾಯಿತು. ಹುಳಿಯಲ್ಲಾದರೆ ತರಕಾರಿಯ ನಡುವೆ ಏನಾದರೂ ಅಡಗಿಸಬಹುದು, ತಿಳಿಸಾರಿನಲ್ಲಿ ಅಡುಗೆಯವನ ಬಂಡವಾಳವೆಲ್ಲ ಮೇಲೇ ತೇಲುತ್ತದೆ.

ಆ ನಲವತ್ತೆಂಟು ಬಾಟಲಿಯನ್ನು ಏನು ಮಾಡುವುದು? ಮಾಡಿದ ಪದಾರ್ಥವನ್ನು ಚೆಲ್ಲಲು ನನಗೆ ಕೈ ಬರುವುದಿಲ್ಲ. ಅತ್ತಿಗೆಯ ಹಿತ್ತಲಲ್ಲಿ ಮೆಂತ್ಯ, ಹರಿವೆ, ಬದನೆಯ ಮಡಿಗಳಿವೆ. ಇಲ್ಲಿ ವಸಂತ ಬಂತೆಂದರೆ ಸ್ಲಗ್ ಎಂಬ ಚಿಪ್ಪಿಲ್ಲದ ಬಸವನಹುಳುಗಳು ಸಂಜೆ ಹೊತ್ತಿಗೆ ಬಂದು ಎಳೆಯ ಎಲೆಗಳನ್ನು ಜರಡಿ ಮಾಡಿಬಿಡುತ್ತವೆ. ತಟ್ಟೆಯಲ್ಲಿ ಬಿಯರ್ ಇಟ್ಟರೆ ಅವು ವಾಸನೆ ಹಿಡಿದು ಬಂದು ಅದರೊಳಗೇ ಬೀಳುತ್ತವೆ ಎಂದು ಪಾಟೀಲರು ಹೇಳಿದರು. ಸರಿ, ಬಾಟಲಿಗಳನ್ನೆಲ್ಲ ಹಿತ್ತಲಿನ ಶೆಡ್ಡಿಗೆ ಸಾಗಿಸಿ, "ಹುಳುಗಳಿಗೆ" ಎಂದು ಚೀಟಿ ಅಂಟಿಸಿದೆ. ದಿನಾ ಸಂಜೆ ತಟ್ಟೆಗಳಿಗೆ ಸುರಿಯುವ ಕೆಲಸ ನನ್ನದೇ. ಅತ್ತಿಗೆ ಆ ಹೊತ್ತಿಗೆ ದೇವರ ದೀಪ ಹಚ್ಚುವ ನೆಪದಲ್ಲಿ ಒಳಗೇ ಉಳಿಯುತ್ತಿದ್ದರು. ಹುಳುಗಳು ಮಾತ್ರ ಸಾಲುಸಾಲಾಗಿ ಬಂದವು. ಒಬ್ಬರಿಗಾದರೂ ಹಿಡಿಸಿತಲ್ಲ ಎಂದು ಸಮಾಧಾನಪಟ್ಟೆ.

ಮಾರ್ಚಿನಲ್ಲಿ ಎರಡನೆಯ ಸಲ ಶುರುಮಾಡಿದೆ. ಈ ಸಲ ಎರಡು ಬಕೆಟ್ಟು. ಕಂಬಳಿಯನ್ನು ಮಡಿಸಿ ಮೇಲಿನ ನನ್ನ ಕೋಣೆಗೆ ಒಯ್ದೆ. ಬಕೆಟ್ಟುಗಳನ್ನು ನೀರಿನ ತೊಟ್ಟಿಯಲ್ಲಿ ಕೂರಿಸಿ, ಒದ್ದೆ ಟವೆಲು ಸುತ್ತಿ, ಬೆಳಿಗ್ಗೆ ಸಂಜೆ ಮಂಜುಗಡ್ಡೆಯ ಬಾಟಲಿ ಬದಲಾಯಿಸಿದೆ. ಮೊದಲ ಸಲ ಚಳಿಯೆಂದು ಕಂಬಳಿ ಹೊದಿಸಿದವನು ಈ ಸಲ ಜ್ವರದ ಮಗುವಿಗೆ ಹಾಕಿದಂತೆ ಹಣೆಗೆ ಒದ್ದೆಬಟ್ಟೆ ಹಾಕುತ್ತ ಕೂತೆ. ಗುಳುಗುಳು ಸದ್ದು ನಿಧಾನವಾಗಿ, ಮರ್ಯಾದಸ್ಥರ ಮಾತಿನಂತೆ ಬಂತು. ಏಪ್ರಿಲ್ ಕೊನೆಗೆ ಪಾಟೀಲರು ಬಂದು, ಗ್ಲಾಸನ್ನು ಬೆಳಕಿಗೆ ಹಿಡಿದರು. ಗೋಧಿಹುಲ್ಲಿನ ಬಣ್ಣ, ಮೇಲೆ ಹಾಲಿನ ಕೆನೆಯಂಥ ನೊರೆ. ಕುಡಿದರು, ಕಣ್ಣು ಮುಚ್ಚಿದರು.

"ಬಿಯರ್ ಅಂದ್ರ ಇದು ನೋಡ್ರಿ, ಮಂಜಣ್ಣಾ! ಇನ್ನೊಂದು ಬಾಟ್ಲಿ ತಗೀರಿ."

"ಪರೀಕ್ಷೆ ಆಯ್ತಲ್ರೀ."

"ಒಂದ ಪರೀಕ್ಷಾ ಮ್ಯಾಲ ಯಾರನ್ನೂ ಪಾಸ್ ಮಾಡಬಾರದ್ರಿ."

ಮೂಸಿದೆ. ಮಳೆ ನಿಂತ ಮೇಲಿನ ಗದ್ದೆಯ ಹಾಗೆ, ಸ್ವಲ್ಪ ಹುಲ್ಲು, ಸ್ವಲ್ಪ ಧಾನ್ಯ. ಬಾಳೆಹಣ್ಣಿನ ಸುಳಿವೂ ಇರಲಿಲ್ಲ. ನೋಟ್‌ಬುಕ್ಕಿನಲ್ಲಿ ಹನ್ನೆರಡನೆಯ ಪುಟ ತೆಗೆದು, ನನ್ನ ದಪ್ಪ ಅಕ್ಷರದಲ್ಲಿ "ತುಂಬಾ ಚೆನ್ನಾಗಿದೆಯಂತೆ" ಎಂದು ಬರೆದೆ. ಅಣ್ಣನ ಬಿಯರ್ ಸಿದ್ಧವಾಯಿತು ಎಂದು ನನಗೆ ಆಗ ಎಳ್ಳಷ್ಟೂ ಅನುಮಾನವಿರಲಿಲ್ಲ.

ಮದುವೆ ಚೆನ್ನಾಗಿ ಆಯಿತು. ಧಾರೆ ಎರೆಯುವಾಗ ಅಣ್ಣನ ಜಾಗದಲ್ಲಿ ನಾನು ನಿಂತೆ, ಅದರ ಬಗ್ಗೆ ಇನ್ನೇನೂ ಬರೆಯುವುದಿಲ್ಲ. ಮಾರನೆಯ ಸಂಜೆ ಹಿತ್ತಲಿನಲ್ಲಿ ಬಿಯರ್ ಬಡಿಸಿದೆ. ಬಡಿಸಿದೆ ಎಂದೇ ಹೇಳಬೇಕು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಪಂಕ್ತಿಯಲ್ಲಿ ಸಾರು ಹಾಕುವವನಂತೆ ಮೇಜಿನಿಂದ ಮೇಜಿಗೆ ಹೋದೆ. ಬೆನ್‌ನ ಅಪ್ಪ, ಆರಡಿ ಮೇಲಿರುವ ಬೀಗರು, ಮೂವತ್ತು ವರ್ಷದಿಂದ ಬಿಯರ್ ಕುಡಿಯುತ್ತಿರುವವರು, ಎದ್ದು ನಿಂತು ನನ್ನ ಕೈ ಕುಲುಕಿದರು. "ಕ್ಲೀನ್! ಸೋ ಕ್ಲೀನ್!" ಎಂದು ಮೂರು ಸಲ ಹೇಳಿದರು. ನಾನು ಪಾತ್ರೆಗಳನ್ನು ಚೆನ್ನಾಗಿ ತೊಳೆದದ್ದನ್ನು ಹೇಳುತ್ತಿದ್ದಾರೇನೋ ಎಂದುಕೊಂಡು, ಹೌದು ಎಂದು ತಲೆಯಾಡಿಸಿದೆ. ಸುಶೀಲಾ ಆಂಟಿ, ಏಕಾದಶಿ ಬಿಡದವರು, "ಇದೇನು ಶರಬತ್ತಾ ಮಂಜು?" ಎಂದು ಕೇಳಿದರು. ಬಿಯರು ಎಂದೆ. "ಅಯ್ಯೋ, ಹೌದಾ? ಹಾಗಾದ್ರೆ ಅರ್ಧ ಸಾಕು" ಎಂದರು. ಆ ಅರ್ಧವನ್ನು ನಾಲ್ಕು ಸಲ ಹಾಕಿಸಿಕೊಂಡರು. ನನ್ನ ಎದೆ ಎಷ್ಟು ಉಬ್ಬಿತ್ತೆಂದರೆ, ಅದಕ್ಕೂ ಒಂದು ಬಿರಡೆ ಒತ್ತಬೇಕಿತ್ತು.

ಆಮೇಲೆ ಸಿಂಧುವಿನ ಗ್ಲಾಸ್ ತುಂಬಿಸಿದೆ. ಅಡುಗೆಯವನು ತಾನು ರುಚಿ ನೋಡುವುದಿಲ್ಲ ನಿಜ, ಆದರೆ ಉಣ್ಣುವವರ ಮೊದಲ ತುತ್ತಿನ ಮುಖವನ್ನು ಬಿಡದೆ ನೋಡುತ್ತಾನೆ. ಸಿಂಧು ಕುಡಿದಳು. ಮುಖದಲ್ಲಿ ನಗು ಬಂತು, ಆದರೆ ಅದು ಎಲ್ಲರಿಗೂ ಕೊಡುವ ನಗು.

"ತುಂಬಾ ಚೆನ್ನಾಗಿದೆ ಚಿಕ್ಕಪ್ಪ. ರಿಯಲೀ ಗುಡ್."

"ಅಪ್ಪನ್ ಬಿಯರ್ ತರಾನೇ ಇದೆ ತಾನೇ?"

ಅವಳು ಗ್ಲಾಸನ್ನು ಕೆಳಗಿಟ್ಟಳು. "ನೋ... ಅಪ್ಪನ್ ಬಿಯರ್ ಚೆನ್ನಾಗಿರ್ತಿರ್ಲಿಲ್ಲ ಚಿಕ್ಕಪ್ಪ. ಇಟ್ ವಾಸ್ ಟೆರಿಬಲ್! ಫುಲ್ ಬನಾನಾ. ನಾನು ಅಮ್ಮ ರಸಾಯನ ಅಂತ ಕರೀತಿದ್ವಿ. ಅಪ್ಪ ಬಕೆಟ್‌ಗೆ ಅಜ್ಜಿ ಬ್ಲ್ಯಾಂಕೆಟ್ ಹಾಕ್ತಿದ್ರು. ಚಳಿ ಆಗತ್ತೆ ಪಾಪ ಅಂತ." ಹೇಳುತ್ತ ನಗುತ್ತಿದ್ದಳು. ನಗುತ್ತಲೇ ಅವಳ ಕಣ್ಣಿನ ಕಾಡಿಗೆ ಇಳಿಯತೊಡಗಿತು. "ಇಟ್ಸ್ ಓಕೆ. ಇದು ತುಂಬಾ ಚೆನ್ನಾಗಿದೆ. ನಿಜವಾಗ್ಲೂ."

ನಾನು ಕೈಯಲ್ಲಿದ್ದ ಬಾಟಲಿಯನ್ನು ಬೀಗರ ಕೈಗೆ ಕೊಟ್ಟು, ಪಂಚೆ ಎತ್ತಿ ಕಟ್ಟಿಕೊಂಡು ಶೆಡ್ಡಿನ ಕಡೆ ಓಡಿದೆ. ಐವತ್ತೆಂಟರಲ್ಲಿ ನಾನು ಓಡಿದ್ದನ್ನು ನೋಡಿ ಎಲ್ಲೋ ಬೆಂಕಿ ಬಿದ್ದಿದೆ ಎಂದು ಇಬ್ಬರು ಎದ್ದು ನಿಂತರಂತೆ. ಕತ್ತರಿ, ಗೊಬ್ಬರದ ಚೀಲಗಳ ಹಿಂದೆ "ಹುಳುಗಳಿಗೆ" ಎಂಬ ಚೀಟಿಯ ಮೂರು ಬಾಟಲಿಗಳು ಉಳಿದಿದ್ದವು. ಬರೀ ಮೂರು. ನಲವತ್ತೈದನ್ನು ಹುಳುಗಳು ಕುಡಿದಿದ್ದವು, ಒಂದರಲ್ಲಿ ಒಂದು ಗುಟುಕು ಪಾಟೀಲರು.

ಬಿರಡೆ ತೆಗೆಯುವ ಸಾಧನ ಹಿತ್ತಲಿನ ಮೇಜುಗಳ ನಡುವೆ ಯಾರ ಕೈ ಸೇರಿತ್ತೋ, ಇನ್ನೊಂದು ಅಡುಗೆಮನೆಯಲ್ಲಿತ್ತು. ಸಿಂಧು, ಬೆನ್, ನಾನು ಒಳಗೆ ಹೋದೆವು. ಅತ್ತಿಗೆ ನಮಗೆ ಬೆನ್ನು ಹಾಕಿ ತಾಂಬೂಲದ ಚೀಲಗಳಿಗೆ ತೆಂಗಿನಕಾಯಿ ತುಂಬುತ್ತಿದ್ದರು. ಸಿಂಧು ಮೊದಲ ಬಾಟಲಿ ತೆಗೆದಳು. ಬುಸ್ ಎಂದಿತು. ಬಾಳೆಹಣ್ಣಿನ ವಾಸನೆ ಕೋಣೆಯೆಲ್ಲ ಹರಡಿತು. ಅತ್ತಿಗೆಯ ಕೈಯಲ್ಲಿದ್ದ ತೆಂಗಿನಕಾಯಿ ಹಾಗೇ ನಿಂತಿತು.

"ಗರಾಜ್ ಬಾಗಿಲು ಯಾರು ತೆಗೆದಿದ್ದು?" ಎಂದರು.

ಯಾರೂ ತೆಗೆದಿರಲಿಲ್ಲ. ಅಕ್ಕಿಯ ಡಬ್ಬ ಅಲ್ಲೇ ಇತ್ತು. ಅವರು ತಿರುಗಿ ಸಿಂಧುವಿನ ಕೈಯಲ್ಲಿದ್ದ ಬಾಟಲಿ ನೋಡಿದರು, ಚೀಟಿ ಓದಿದರು, ನನ್ನ ಮುಖ ನೋಡಿದರು. ನಾನು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ, "ನಾನೂ ಕಂಬಳಿ ಹೊದಿಸಿದ್ದೆ ಅತ್ತಿಗೆ" ಎಂದೆ. ಅವರು ನಾಲ್ಕು ಲೋಟ ತಂದಿಟ್ಟರು. ಹಬ್ಬಕ್ಕೆ ಮಾತ್ರ ತೆಗೆಯುವ ಬೆಳ್ಳಿ ಲೋಟಗಳು. ಸಿಂಧು ಗಟಗಟ ಕುಡಿದು, "ಯೆಸ್! ಇದೇ! ಸೋ ಬ್ಯಾಡ್!" ಎಂದು ಅಮ್ಮನನ್ನು ತಬ್ಬಿಕೊಂಡಳು. ಅತ್ತಿಗೆ ತುಟಿಗೆ ಮುಟ್ಟಿಸಿ, "ಥೂ, ಹಾಗೇ ಇದೆ" ಎಂದರು, ಮತ್ತೆ ಒಂದು ಗುಟುಕು ಕುಡಿದರು. ಬೆನ್ ಒಳ್ಳೆಯ ಹುಡುಗ, ಮುಖ ಕಿವುಚದೆ ಪೂರ್ತಿ ಮುಗಿಸಿದ. ನಾನು ನನ್ನ ಲೋಟವನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅವರ ಪಕ್ಕದಲ್ಲಿ ಕೂತೆ. ಎದ್ದು ಪಾತ್ರೆ ತೊಳೆಯಲು ಹೋಗಲಿಲ್ಲ.

ಇದೆಲ್ಲ ಆಗಿ ಒಂದು ತಿಂಗಳಾಯಿತು. ನನ್ನ ಬಿಯರಿನ ಸುದ್ದಿ ಕ್ಯಾರಿಯಿಂದ ಅಟ್ಲಾಂಟಾವರೆಗೂ ಹೋಗಿದೆ. ಪಾಟೀಲರು ತಮ್ಮ ಹಳೆಯ ಸ್ನೇಹಿತರಿಗೆಲ್ಲ ಫೋನ್ ಮಾಡಿ ಹೇಳಿದ್ದಾರೆ. ಮೂರು ಗೃಹಪ್ರವೇಶ, ಒಂದು ಅರವತ್ತರ ಶಾಂತಿಗೆ ಕೇಳಿದ್ದಾರೆ. ಅರವತ್ತರ ಶಾಂತಿಗೆ ಬಿಯರ್ ಯಾಕೆ ಎಂದು ನಾನು ಕೇಳಲಿಲ್ಲ. ಇಂಥ ಒಳ್ಳೆಯ ಬಿಯರ್ ಈ ಮನೆಯಲ್ಲಿ ಯಾರೂ ಮಾಡಿರಲಿಲ್ಲ, ಈ ಮಾತನ್ನು ಒಬ್ಬನ ಎದುರಿಗೆ ಹೇಳಿ ಅವನನ್ನು ರೇಗಿಸಬೇಕಿತ್ತು, ಅಷ್ಟೇ ಕೊರತೆ. ಅಡುಗೆಮನೆಯ ಬಾಗಿಲ ಮುಂದಿನ ಅಕ್ಕಿಯ ಡಬ್ಬ ಮೊನ್ನೆ ಪಕ್ಕಕ್ಕೆ ಸರಿದಿದೆ. ನಾನು ಸರಿಸಿದ್ದಲ್ಲ.

ಮದುವೆಯಲ್ಲಿ ಉಳಿದದ್ದು ನನ್ನ ಒಳ್ಳೆಯ ಬಿಯರಿನ ಐದು ಬಾಟಲಿ. ಮೆಂತ್ಯದ ಮಡಿಗೆ ಮತ್ತೆ ಹುಳು ಬಂದಿವೆ ಎಂದು ಅತ್ತಿಗೆ ಹೇಳಿದ್ದರಿಂದ, ಮನಸ್ಸು ಕಲ್ಲು ಮಾಡಿಕೊಂಡು ಅದನ್ನೇ ತಟ್ಟೆಗಳಿಗೆ ಸುರಿದೆ. ಬೀಗರು ಎದ್ದು ನಿಂತು ಕೈ ಕುಲುಕಿದ ಬಿಯರ್ ಅದು. ಇವತ್ತಿಗೆ ನಾಲ್ಕು ದಿನವಾಯಿತು. ಒಂದು ಹುಳುವೂ ತಟ್ಟೆಯ ಹತ್ತಿರ ಬಂದಿಲ್ಲ. ನಿನ್ನೆ ಸಂಜೆ ಅತ್ತಿಗೆ ಸೊಪ್ಪಿನ ಮಡಿಯ ಪಕ್ಕ ನಿಂತು ನೋಡಿ, "ಅವಕ್ಕೂ ನಿಮ್ಮಣ್ಣನದೇ ಬೇಕೇನೋ ಮಂಜು" ಎಂದರು. ನಾನು ಮೇಲೆ ಹೋಗಿ ಕಂಬಳಿ ತಂದೆ.